ಬಿಲ್ಲೆ ಗುಮಾಸ್ತನ ಬ್ಯಾಸ್ಕೆಟ್‌ಬಾಲ್ ಲೆಕ್ಕ

ನಾನು ಪೆನ್ಸಿಲ್ ಹಿಡಿದು ಕೂತ ಕಡೆಯಲ್ಲೆಲ್ಲ ಏನಾದರೊಂದು ನಗೆಪಾಟಲು ಆಗದೆ ಇರುವುದಿಲ್ಲ. ಬೇರೆಯವರ ಹಣೆಬರಹವನ್ನು ಬ್ರಹ್ಮ ಬರೆದ. ನನ್ನದನ್ನು ಮಾತ್ರ ನನ್ನ ಕೈಯಲ್ಲೇ ಬರೆಸಿದ, ಅಳಿಸಲು ರಬ್ಬರು ಕೊಡಲಿಲ್ಲ.

ಐವತ್ತರ ದಶಕದ ಮಾತು. ಮನೆ ಬಂಗಾರಪೇಟೆಯಲ್ಲಿ, ಕೆಲಸ ಕೆಜಿಎಫ್‌ನ ಒಂದು ಗಣಿಯಲ್ಲಿ. ಬೆಳಿಗ್ಗೆ ರೈಲು ಹತ್ತಿ ಹೋಗುವುದು, ಸಂಜೆ ರೈಲು ಹತ್ತಿ ಬರುವುದು, ನಡುವೆ ಎಣಿಸುವುದು. ಗಣಿಯ ಬಾಯಿಯ ಪಕ್ಕದಲ್ಲಿ ಒಂದು ಕಿಟಕಿ, ಕಿಟಕಿಯ ಹಿಂದೆ ನಾನು, ನನ್ನ ಹಿಂದಿನ ಗೋಡೆ ತುಂಬ ಮೊಳೆ. ಒಂದೊಂದು ಮೊಳೆಗೂ ಒಂದು ನಂಬರು, ಒಂದೊಂದು ನಂಬರಿಗೂ ಒಂದು ಹಿತ್ತಾಳೆ ಬಿಲ್ಲೆ. ಕೆಳಗೆ ಇಳಿಯುವವನಿಗೆ ಅವನ ಬಿಲ್ಲೆ ಕೊಡಬೇಕು, ಮೇಲೆ ಬಂದ ಮೇಲೆ ಇಸಿದುಕೊಂಡು ಮೊಳೆಗೆ ತಗುಲಿಸಬೇಕು. ಪಾಳಿ ಮುಗಿದಾಗ ಯಾವುದಾದರೂ ಮೊಳೆ ಖಾಲಿ ಕಂಡರೆ ಆ ನಂಬರಿನವನು ಇನ್ನೂ ಭೂಮಿಯ ಒಳಗೇ ಇದ್ದಾನೆ ಎಂದು ಅರ್ಥ. ಜನ ನನ್ನನ್ನು ಬಿಲ್ಲೆ ಗುಮಾಸ್ತ ಎನ್ನುತ್ತಿದ್ದರು.

ನನಗಿಂತ ಮುಂಚೆ ಆ ಕಿಟಕಿಯಲ್ಲಿ ಕೂರುತ್ತಿದ್ದವನು ಒಂದು ಸಂಜೆ ಒಂದು ಮೊಳೆ ಖಾಲಿ ಇದ್ದದ್ದನ್ನು ನೋಡಿ, ಎಲ್ಲೋ ಕೈತಪ್ಪಿರಬೇಕು, ನಾಳೆ ನೋಡೋಣ ಎಂದು ಮನೆಗೆ ಹೋದನಂತೆ. ನಾಳೆ ನೋಡಿದರು. ಅಂದಿನಿಂದ ಆ ಕುರ್ಚಿ ನನ್ನದಾಯಿತು. ಇಳಿದವರೆಷ್ಟೋ ಹತ್ತಿದವರೂ ಅಷ್ಟೇ ಆಗುವ ತನಕ ನಾನು ರೈಲು ತಪ್ಪಿಸಿಕೊಂಡೇನೇ ಹೊರತು ಕಿಟಕಿ ಮುಚ್ಚುತ್ತಿರಲಿಲ್ಲ. ನನಗಿದ್ದ ಜಂಬ ಅದೊಂದೇ.

ಆ ಜಂಬವೇ ನನ್ನನ್ನು ಕೆಡಿಸಿದ್ದು. ನಮ್ಮ ಇಂಗ್ಲಿಷ್ ದೊರೆಗೆ ಆಟದ ಹುಚ್ಚು. ಗಣಿ ಕೆಲಸಗಾರರ ಲೈನ್ ಮನೆಗಳ ಹುಡುಗರನ್ನು ಕಟ್ಟಿಕೊಂಡು ಒಂದು ಬ್ಯಾಸ್ಕೆಟ್‌ಬಾಲ್ ತಂಡ ಮಾಡಿದ. ಅಂಕ ಬರೆಯುವುದಕ್ಕೆ ತಪ್ಪು ಮಾಡದ ಮನುಷ್ಯ ಬೇಕು ಎಂದ. ಆಫೀಸಿನವರೆಲ್ಲ ಒಟ್ಟಿಗೆ ನನ್ನ ಕಡೆ ಬೆರಳು ತೋರಿಸಿದರು. ನನಗೆ ಆ ಆಟದ ಗಂಧಗಾಳಿ ಇರಲಿಲ್ಲ. ಕಂಬದ ಮೇಲಿನ ಬುಟ್ಟಿಗೆ ತಳವೇ ಇಲ್ಲವೆಂದು ನೋಡಿ, ಅದನ್ನು ಮಾಡಿಕೊಟ್ಟ ವರ್ಕ್‌ಶಾಪಿನವರ ಮೇಲೆ ದೂರು ಬರೆಯಲು ಹೊರಟಿದ್ದೆ.

ಇಳಿದವರು ಆರು, ಹತ್ತಿದವರು ಐದು

ಮೊದಲನೆಯ ಪಂದ್ಯ ಬಂಗಾರಪೇಟೆಯ ಹುಡುಗರ ಜೊತೆ, ಚಿನ್ನ ತೆಗೆದು ಉಳಿದ ಪುಡಿ ಸುರಿದ ಸೈನೈಡ್ ದಿಬ್ಬದ ಪಕ್ಕದ ಬಯಲಿನಲ್ಲಿ ನಡೆಯಿತು. ಗಾಳಿ ಬೀಸಿದರೆ ದಿಬ್ಬದ ಬಿಳಿ ಪುಡಿ ಬಂದು ಪುಸ್ತಕದ ಮೇಲೆ ಕೂರುತ್ತಿತ್ತು. ಊದಿ ಊದಿ ಬರೆಯುತ್ತಿದ್ದೆ. ದೊರೆ ಕೊಟ್ಟ ಪುಸ್ತಕದಲ್ಲಿ ಗೆರೆಗಳೋ ಗೆರೆಗಳು. ಎಸೆದದ್ದು ಎಷ್ಟು, ಬಿದ್ದದ್ದು ಎಷ್ಟು, ತಪ್ಪಿದ್ದು ಎಷ್ಟು, ಫೌಲು ಎಷ್ಟು, ಚೆಂಡನ್ನು ಕೈಗೆ ಕೊಟ್ಟು ಗೋಲು ಹಾಕಿಸಿದವನು ಯಾರು ಎಂದು ಒಬ್ಬೊಬ್ಬ ಹುಡುಗನಿಗೂ ಬರೆಯಬೇಕು. ಐದು ಫೌಲು ಮಾಡಿದವನು ಅಂಗಳ ಬಿಟ್ಟು ಹೊರಗೆ ಹೋಗಬೇಕು, ಅವನ ಜಾಗಕ್ಕೆ ಇನ್ನೊಬ್ಬ ಬರಬೇಕು.

ಇಷ್ಟೆಲ್ಲ ಕಾಲಂ ಇದ್ದರೂ ಮುಖ್ಯವಾದದ್ದೇ ಇಲ್ಲವಲ್ಲ ಎನ್ನಿಸಿತು. ಅಂಚಿನಲ್ಲಿ ನಾನೇ ಎರಡು ಗೆರೆ ಎಳೆದು ಒಂದರ ಮೇಲೆ 'ಇಳಿದವರು', ಇನ್ನೊಂದರ ಮೇಲೆ 'ಹತ್ತಿದವರು' ಎಂದು ಬರೆದೆ.

ಆಟ ಮುಗಿಯಿತು. ನಮ್ಮವರು ಸೋತರು, ಅದು ಹೇಳುವ ಮಾತಲ್ಲ. ಪಂದ್ಯ ನಡೆಸಲು ಬಂಗಾರಪೇಟೆಯಿಂದ ಒಬ್ಬ ಡ್ರಿಲ್ ಮೇಷ್ಟ್ರು ಬಂದಿದ್ದರು. ಪುಸ್ತಕಕ್ಕೆ ರುಜು ಹಾಕಿ ಎಂದರು. ನಾನು ಎಣಿಸಿದೆ. ಅಂಗಳಕ್ಕೆ ಇಳಿದವರು ಆರು, ನನ್ನ ಮುಂದೆ ನಿಂತವರು ಐದು.

"ಆಗಲ್ಲ. ಒಬ್ಬ ಕಮ್ಮಿ ಇದ್ದಾನೆ," ಎಂದೆ.

"ಅವನು ಐದು ಫೌಲಾಗಿ ಆಗಲೇ ಹೋದ್ನಲ್ರೀ!" ಎಂದರು ಮೇಷ್ಟ್ರು.

"ಎಲ್ಲಿಗೆ ಹೋದ? ನೀವು ನೋಡಿದ್ರಾ? ಯಾರಾದರೂ ನೋಡಿದ್ರಾ?"

ಯಾರೂ ನೋಡಿರಲಿಲ್ಲ. ನನ್ನ ಕೈ ರುಜು ಹಾಕಲು ಒಪ್ಪಲಿಲ್ಲ. ಇದು ಆಟ, ಇದು ಬಯಲು, ಮೇಲೆ ಆಕಾಶ ಇದೆ ಎಂದು ಬುದ್ಧಿಗೆ ಗೊತ್ತು, ಕೈಗೆ ಗೊತ್ತಿಲ್ಲ. ಯಾರೂ ಮನೆಗೆ ಹೋಗಕೂಡದು ಎಂದು ಕೂಗಿದೆ. ಬಂಗಾರಪೇಟೆಯ ಹುಡುಗರ ರೈಲಿಗೆ ಹೊತ್ತಾಗುತ್ತಿತ್ತು. ಮೇಷ್ಟ್ರು ಗಡಿಯಾರ ತೋರಿಸಿ ಬೈಯುತ್ತಿದ್ದರು. ಆದರೆ ನಮ್ಮ ಹುಡುಗರು ಒಬ್ಬರೂ ಎದುರಾಡಲಿಲ್ಲ. ಗಣಿಯವರ ಮನೆಯ ಮಕ್ಕಳು, ಎಣಿಕೆ ತಪ್ಪಿದರೆ ಏನು ಮಾಡಬೇಕೆಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನಾಲ್ಕು ದಿಕ್ಕಿಗೂ ಓಡಿದರು.

ಅರ್ಧ ಗಂಟೆಯ ಮೇಲೆ ಹುಡುಗ ಸಿಕ್ಕಿದ. ಲೈನ್ ಮನೆಗಳ ನಲ್ಲಿಯ ಹತ್ತಿರ ಅವರಮ್ಮನ ಬಿಂದಿಗೆ ಇಟ್ಟುಕೊಂಡು ಸರದಿಯಲ್ಲಿ ನಿಂತಿದ್ದನಂತೆ. ತುಂಬಿದ ಬಿಂದಿಗೆಯ ಸಮೇತ ಹಿಡಿದು ತಂದರು.

"ಸಾರ್, ನಾನು ಆಗ್ಲೇ ಔಟಾದ್ನಲ್ಲ ಸಾರ್," ಎಂದ ಅಳುತ್ತ.

"ಔಟಾದರೆ ಸಾಲದು ಕಣೋ," ಎಂದೆ. "ಮೇಲೆ ಬಂದೆಯೋ ಇಲ್ಲವೋ, ಅದನ್ನ ಹೇಳು!"

ಬೆನ್ನಿಗೆ ಹಿಡಿಸದ ನಂಬರು

ದೊರೆ ಹುಡುಗರಿಗೆಲ್ಲ ಒಂದೊಂದು ಬನಿಯನ್ನು ಕೊಡಿಸಿ, ಬೆನ್ನಿಗೆ ನಂಬರು ಹೊಲಿಸಿಕೊಂಡು ಬನ್ನಿ ಎಂದ. ಯಾವ ನಂಬರು ಎಂದು ಹೇಳಲು ಮರೆತ. ಲೈನ್ ಮನೆಗಳಲ್ಲಿ ಗೊತ್ತಿದ್ದದ್ದು ಒಂದೇ ನಂಬರು, ಮನೆಯ ಗಂಡಸಿನ ಬಿಲ್ಲೆ ನಂಬರು. ಆಸ್ಪತ್ರೆಗೆ ಹೋದರೆ ಅದೇ, ಅಕ್ಕಿ ತರಲು ಹೋದರೆ ಅದೇ, ಮಗುವಿಗೆ ಎಣಿಸಲು ಕಲಿಸುವಾಗಲೂ ಅದೇ. ತಾಯಂದಿರು ಅದನ್ನೇ ಹೊಲಿದು ಕಳಿಸಿದರು. ಹತ್ತು ಹುಡುಗರ ಬೆನ್ನ ಮೇಲೂ ನಾಲ್ಕು ನಾಲ್ಕು ಅಂಕಿ.

ಒಬ್ಬ ಹುಡುಗ ಬಹಳ ಗಿಡ್ಡ, ಬಹಳ ಚುರುಕು. ಅವನ ನಂಬರು ಎರಡು ಸಾವಿರದ ಎಂಟುನೂರ ನಲವತ್ತೊಂದು. ಎಂಟು, ನಾಲ್ಕು ಎರಡೂ ಬೆನ್ನಿಗೆ ಬಂದಿದ್ದವು. ಎರಡು ಎಡಗಂಕುಳಲ್ಲಿ, ಒಂದು ಬಲಗಂಕುಳಲ್ಲಿ. ಪೂರ್ತಿ ಓದಬೇಕಾದರೆ ಅವನು ಎರಡು ಕೈಯನ್ನೂ ಮೇಲೆತ್ತಬೇಕು.

ಯಾರಾದರೂ ಫೌಲು ಮಾಡಿದರೆ ಡ್ರಿಲ್ ಮೇಷ್ಟ್ರು ಸೀಟಿ ಊದಿ, ಅವನ ನಂಬರನ್ನು ಬೆರಳಲ್ಲಿ ನನಗೆ ತೋರಿಸಬೇಕು. ಮೂರಿದ್ದರೆ ಮೂರು ಬೆರಳು, ಏಳಿದ್ದರೆ ಏಳು. ಗಿಡ್ಡ ಫೌಲು ಮಾಡಿದ. ಮೇಷ್ಟ್ರು ಎರಡು ಬೆರಳು ತೋರಿಸಿದರು. ಎಂಟು ತೋರಿಸಲು ಎರಡೂ ಕೈ ಬೇಕಾಗಿ ಸೀಟಿಯನ್ನು ಹಲ್ಲಲ್ಲಿ ಕಚ್ಚಿಕೊಂಡರು. ನಾಲ್ಕು ತೋರಿಸಿದರು. ಅಷ್ಟರಲ್ಲಿ ನನಗೆ ಮೊದಲು ತೋರಿಸಿದ್ದು ಎರಡೋ ಮೂರೋ ಮರೆತುಹೋಗಿ, "ಇನ್ನೊಂದ್ಸಲ ಮೇಷ್ಟ್ರೇ," ಎಂದೆ. ಅವರು ಮತ್ತೆ ಮೊದಲಿಂದ ಶುರು ಮಾಡಿದರು. ಮೂರನೆಯ ಸಲ ಸೀಟಿ ಬಾಯಿಂದ ಜಾರಿ ಮಣ್ಣಿಗೆ ಬಿತ್ತು.

"ನಾನು ಇಲ್ಲಿಗೆ ಆಟ ಆಡಿಸೋಕೆ ಬಂದಿದ್ದೀನೋ, ಮಗ್ಗಿ ಹೇಳಿಕೊಡೋಕೋ? ನಂಬರ್ ಬದಲಾಯಿಸ್ರೀ!" ಎಂದು ಕಿರುಚಿದರು.

ಗಿಡ್ಡನ ತಾಯಿ ಅಂಗಳದ ಅಂಚಲ್ಲೇ ಕೂತಿದ್ದಳು. ಕಾಮಸಮುದ್ರದ ಕಡೆಯ ಹಳ್ಳಿಯ ಹೆಂಗಸು. ಎದ್ದು ಬಂದು ಹೇಳಿದಳು: "ಅದೆಂಗ್ ಬದ್ಲಾಯಿಸ್ತೀರಿ ಸಾಮಿ? ಬ್ಯಾರೆ ನಂಬ್ರು ಆಕಿದ್ರೆ ಅವ್ನು ಯಾರ ಮಗ ಅಂತ ಎಂಗೆ ಗೊತ್ತಾಗ್ತದೆ?"

ಮೇಷ್ಟ್ರು ಬಗ್ಗಿ ಸೀಟಿಯ ಮಣ್ಣು ಒರೆಸಿಕೊಂಡರು. ಆ ನಂಬರು ನನಗೆ ಗೊತ್ತಿತ್ತು. ಅವಳ ಗಂಡನ ಬಿಲ್ಲೆ. ಎರಡು ವರ್ಷದ ಹಿಂದೆ ಒಂದು ಸಂಜೆ ಆ ಮೊಳೆ ಖಾಲಿ ಇತ್ತು. ಮಾರನೆಯ ದಿನ ಮಧ್ಯಾಹ್ನ ಬಿಲ್ಲೆ ಮೇಲೆ ಬಂತು, ತಂದುಕೊಟ್ಟವನು ಬೇರೆಯವನು. ನಮ್ಮ ಆಫೀಸಿನಲ್ಲಿ ಒಂದು ಪದ್ಧತಿ ಇತ್ತು. ಒಳಗೆ ಸತ್ತವನ ನಂಬರನ್ನು ಹೊಸಬರಿಗೆ ಕೊಡುತ್ತಿರಲಿಲ್ಲ. ಮಗ ಬೆಳೆದು ಕೆಲಸಕ್ಕೆ ಬರುವ ತನಕ ಅದು ಮೊಳೆಯಲ್ಲೇ ತೂಗುತ್ತಿತ್ತು. ಹೊಲ ಇದ್ದವರು ಮಕ್ಕಳಿಗೆ ಹೊಲ ಬಿಟ್ಟು ಹೋಗುತ್ತಾರೆ, ನಮ್ಮವರು ಮೊಳೆ ಬಿಟ್ಟು ಹೋಗುತ್ತಿದ್ದರು. ಗಿಡ್ಡನಿಗೆ ಇನ್ನು ಕೆಲವು ತಿಂಗಳಿಗೆ ಹದಿನೆಂಟು ತುಂಬುವುದರಲ್ಲಿತ್ತು.

ಕೊನೆಗೆ ಮೇಷ್ಟ್ರೇ ಒಂದು ದಾರಿ ಕಂಡುಹಿಡಿದರು. ನಂಬರು ಬೇಡ, ಕಂಡ ಹಾಗೆ ಕೂಗುತ್ತೇನೆ, ನೀವು ಬರೆದುಕೊಳ್ಳಿ ಎಂದರು. ಅಂದಿನಿಂದ ಅಂಗಳದಲ್ಲಿ "ಗಿಡ್ಡನಿಗೆ ಫೌಲು!" "ಉದ್ದನವನಿಗೆ ಎರಡು ಅಂಕ!" "ಮೆಳ್ಳಗಣ್ಣನಿಗೆ ಎಚ್ಚರಿಕೆ!" ಎಂದು ಕೂಗು ಕೇಳಿಸತೊಡಗಿತು. ಹತ್ತು ಮನೆಯವರು ಮೇಷ್ಟ್ರ ಜೊತೆ ಮಾತು ಬಿಟ್ಟರು, ಲೆಕ್ಕ ಮಾತ್ರ ಸರಿಹೋಯಿತು.

ಗಣಿ ಹಾಕಿಸಿದ ಗೋಲು

ಇಷ್ಟರಲ್ಲಿ ದೊರೆ ಒಂದು ಮಾತು ಹೇಳಿಬಿಟ್ಟಿದ್ದ. ವರ್ಕ್‌ಶಾಪಿನಲ್ಲಿ ಒಬ್ಬ ಹುಡುಗನಿಗೆ ಜಾಗವಿದೆ, ಎಲ್ಲ ಪಂದ್ಯ ಸೇರಿ ಯಾರದು ಹೆಚ್ಚು ಅಂಕವೋ ಅವನಿಗೆ ಅದು. ವರ್ಕ್‌ಶಾಪ್ ಎಂದರೆ ನೆಲದ ಮೇಲಿನ ಕೆಲಸ. ತಗಡಿನ ಸೂರು, ಕುಲುಮೆ, ಬೆಂಕಿ, ಸೆಕೆ, ಏನೇ ಇರಲಿ ಸಂಜೆ ಮನೆಗೆ ಬರುವುದು ಗ್ಯಾರಂಟಿ. ಲೈನ್ ಮನೆಗಳಲ್ಲಿ ಅಂದಿನಿಂದ ಚೆಂಡಿನ ಮಾತು ಬಿಟ್ಟರೆ ಬೇರೆ ಮಾತಿಲ್ಲ. ನನ್ನ ಪೆನ್ಸಿಲ್ಲಿಗೆ ಜನ ದಾರಿ ಬಿಡತೊಡಗಿದರು.

ಪೈಪೋಟಿ ಬೇಗನೆ ಇಬ್ಬರಿಗೆ ಬಂದು ನಿಂತಿತು. ಒಬ್ಬ ಗಿಡ್ಡ. ಇನ್ನೊಬ್ಬ ಉದ್ದನವನು, ಗಿಡ್ಡನ ಪಕ್ಕದ ಮನೆಯವನು, ಅವನ ಅಪ್ಪ ಇನ್ನೂ ಒಳಗೆ ಇಳಿಯುತ್ತಿದ್ದ. ಉದ್ದನವನು ಕೈ ಎತ್ತಿದರೆ ಬುಟ್ಟಿ ಸಿಗುತ್ತಿತ್ತು. ಗಿಡ್ಡನಿಗೆ ಅದು ಎಲ್ಲಿಂದ ಬರಬೇಕು? ಅವನು ಎದುರಾಳಿಗಳ ಕಾಲ ಸಂದಿಯಲ್ಲಿ ನುಗ್ಗುತ್ತಿದ್ದ, ಅವರು ಕೆಡವುತ್ತಿದ್ದರು, ಅದಕ್ಕೆ ಅವನಿಗೆ ತಡೆಯಿಲ್ಲದ ಎಸೆತ ಸಿಗುತ್ತಿತ್ತು, ಒಂದೊಂದಕ್ಕೆ ಒಂದೊಂದು ಅಂಕ. ಪುಸ್ತಕದಲ್ಲಿ ಅವನ ಹೆಸರಿನ ಮುಂದಿದ್ದದ್ದೆಲ್ಲ ಮಂಡಿ ಮೊಣಕೈ ತರಚಿ ಬಂದ ಅಂಕ.

ಒಂದು ಸಂಜೆ ಬಂಗಾರಪೇಟೆಯ ಹುಡುಗರು ನಮ್ಮಲ್ಲಿಗೆ ಆಡಲು ಬಂದಿದ್ದರು. ಗಿಡ್ಡ ದೂರದಿಂದ ಚೆಂಡು ಎಸೆದ. ಅದು ಬುಟ್ಟಿಯ ಕಬ್ಬಿಣದ ಬಳೆಯ ಮೇಲೆ ಒಂದು ಸುತ್ತು ಸುತ್ತಿ, ಬಳೆಗೂ ಹಲಗೆಗೂ ನಡುವೆ ಸಿಕ್ಕಿಕೊಂಡು ನಿಂತುಬಿಟ್ಟಿತು. ಅದೇ ಗಳಿಗೆಗೆ ನೆಲ ನಡುಗಿತು. ಆಳದಲ್ಲಿ ಎಲ್ಲೋ ಬಂಡೆ ಸಿಡಿದರೆ ಮೇಲೆ ಹೀಗಾಗುತ್ತದೆ. ಮನೆಯಲ್ಲಿ ಪಾತ್ರೆ ಉರುಳುತ್ತವೆ, ಗೋಡೆಯ ಗಾರೆ ಉದುರುತ್ತದೆ. ಬಂಗಾರಪೇಟೆಯ ಹುಡುಗರು ಕಿರುಚಿಕೊಂಡು ನೆಲಕ್ಕೆ ಮಲಗಿದರು. ಡ್ರಿಲ್ ಮೇಷ್ಟ್ರು ಹೋಗಿ ಕಂಬ ತಬ್ಬಿಕೊಂಡರು. ಕಂಬ ಅಲ್ಲಾಡಿ ಚೆಂಡು ಬುಟ್ಟಿಯೊಳಗಿಂದ ಅವರ ತಲೆಯ ಮೇಲೆ ಬಿತ್ತು.

ನಮ್ಮ ಹುಡುಗರು ನಿಂತಲ್ಲೇ ನಿಂತು ಗಣಿಯ ಕಡೆ ತಿರುಗಿದ್ದರು. ಆಳುಗಳನ್ನು ಇಳಿಸಿ ಹತ್ತಿಸುವ ಕೇಜು ಎಳೆಯುವ ದೊಡ್ಡ ಚಕ್ರ ತಿರುಗುತ್ತಲೇ ಇದೆಯೇ ಎಂದು ನೋಡುತ್ತಿದ್ದರು. ಅಂಗಳದ ಸುತ್ತ ಕೂತ ಹೆಂಗಸರೂ ಅದನ್ನೇ ನೋಡುತ್ತಿದ್ದರು. ಚಕ್ರ ತಿರುಗುತ್ತಿತ್ತು. ಸೈರನ್ ಕೂಗಲಿಲ್ಲ. ಆಮೇಲೆ ಉದ್ದನವನು ಮೂಗು ಒರೆಸಿಕೊಂಡು, "ಆಡಾಣ ಸಾರ್," ಎಂದ. ಆ ಸಂಜೆ ಎಲ್ಲ ಮೊಳೆಗಳೂ ತುಂಬಿದವು. ಅದಕ್ಕೇ ಇದನ್ನು ನಗುತ್ತ ಹೇಳಲು ಆಗುತ್ತಿದೆ.

ಗಿಡ್ಡ ಎಸೆದ ಚೆಂಡು, ಗಿಡ್ಡನಿಗೇ ಎರಡು ಅಂಕ ಎಂದು ಮೇಷ್ಟ್ರು ಕಂಬ ಬಿಡದೆಯೇ ತೀರ್ಪು ಕೊಟ್ಟರು. ಬರೆದೆ. ಆದರೆ ಗೋಲು ಹಾಕಿಸಿದವನು ಯಾರು ಎಂಬ ಕಾಲಂ ಖಾಲಿ ಬಿಡಲು ನನ್ನ ಮನಸ್ಸು ಒಪ್ಪಲಿಲ್ಲ. ಸತ್ಯ ಯಾವುದೋ ಅದನ್ನೇ ಬರೆಯಬೇಕು. 'ಗಣಿ' ಎಂದು ಬರೆದೆ.

ಮಾರನೆಯ ದಿನ ದೊರೆ ಪುಸ್ತಕ ನೋಡಿ ನನ್ನನ್ನು ಕರೆಸಿದ. ಅವನ ಇಂಗ್ಲಿಷೂ ನನ್ನ ಇಂಗ್ಲಿಷೂ ಇಲ್ಲಿ ಬೇಡ, ಕನ್ನಡದಲ್ಲೇ ಹೇಳುತ್ತೇನೆ.

"ಇವನು ಯಾರು, ಹೊಸ ಆಟಗಾರ?"

"ಹಳಬನೇ ದೊರೆ. ನಾವೆಲ್ಲ ಹುಟ್ಟೋಕೆ ಮುಂಚಿನವನು."

"ನಮ್ಮ ಕಡೆಯವನೋ, ಎದುರು ಕಡೆಯವನೋ?"

"ಅದೇ ಇನ್ನೂ ಗೊತ್ತಾಗಿಲ್ಲ ದೊರೆ," ಎಂದೆ.

ಐದು ಬಂತಲ್ಲ

ಗಿಡ್ಡನ ತಾಯಿಗೆ ಆಟ ತಿಳಿಯುತ್ತಿರಲಿಲ್ಲ, ಆದರೆ ಪ್ರತಿ ಪಂದ್ಯವಾದ ಮೇಲೂ ನನ್ನ ಮೇಜಿನ ಹತ್ತಿರ ಬಂದು ನಿಲ್ಲುತ್ತಿದ್ದಳು. ಸೆರಗಿನಲ್ಲಿ ಒಂದು ಗಂಟು ಇರುತ್ತಿತ್ತು. ಒಂದು ದಿನ ಅವಳ ಮಗನ ಕೈ ಸರಿಯಾಗಿ ನಡೆದಿರಲಿಲ್ಲ.

"ಸಾಮಿ, ನಮ್ಮುಡ್ಗ ಇವತ್ತು ಎಷ್ಟು ಆಕ್ದ?"

"ಸೊನ್ನೆ ಕಣಮ್ಮ."

ಅವಳು ಪುಸ್ತಕವನ್ನೇ ನೋಡುತ್ತ ನಿಂತಳು. ಓದಲು ಬರದಿದ್ದರೂ ಮಗನ ಸಾಲು ಯಾವುದೆಂದು ಅವಳಿಗೆ ಗೊತ್ತಿತ್ತು.

"ಮತ್ತೆ ಇಲ್ಲಿ ಏನೋ ಬರ್ದಿದೀರಲ್ಲ, ಐದು ಗೀಟು?"

"ಅದು ಫೌಲು."

"ಅಂದ್ರೆ?"

ತಪ್ಪು ಎನ್ನಬೇಕಿತ್ತು. ಐದು ಸಲ ತಪ್ಪು ಮಾಡಿ ಆಚೆಗೆ ಕಳಿಸಿಕೊಂಡ ಎನ್ನಬೇಕಿತ್ತು. ಅವಳ ಮುಖ ನೋಡಿ, "ಅದೂ ಒಂದು ಲೆಕ್ಕ," ಎಂದೆ.

"ಎಲ್ರಿಗಿಂತ ಇವುಂದೇ ಜಾಸ್ತಿನಾ?"

"ಹೂಂ. ಎಲ್ಲರಿಗಿಂತ ಜಾಸ್ತಿ."

"ಓಗ್ಲಿ ಬುಡಿ ಸಾಮಿ, ಐದು ಬಂತಲ್ಲ!" ಎಂದು ಸೆರಗಿನ ಗಂಟು ಬಿಚ್ಚಿದಳು. ಒಳಗೆ ಕಡ್ಲೆಪಪ್ಪು, ಬೆಲ್ಲದ ಚೂರು. ನನಗೊಂದು ಹಿಡಿ, ಮೇಷ್ಟ್ರಿಗೊಂದು ಹಿಡಿ, ಆಡಿದ ಹುಡುಗರಿಗೆಲ್ಲ ಒಂದೊಂದು ಹಿಡಿ ಹಂಚಿದಳು. ಕೊನೆಗೆ ಅವಳ ಮಗ ಕೆಡವಿದ ಹುಡುಗನ ಹತ್ತಿರ ಹೋದಳು. ಪಾಪ, ಅವನು ಮಂಡಿ ಒಡೆದುಕೊಂಡು ಕೂತಿದ್ದ.

"ತಗೋ ಕಂದಾ, ನಮ್ಮುಡ್ಗಂಗೆ ಐದು ಬಂತು," ಎಂದಳು.

"ಅದರಲ್ಲಿ ಮೂರು ನಂದೇ ಅಮ್ಮ," ಎಂದ ಅವನು, ಕೈ ಚಾಚುತ್ತ.

ಮಂಡಿಯ ಕೊಸರು

ಕೊನೆಯ ಪಂದ್ಯ ಬಂಗಾರಪೇಟೆಯಲ್ಲಿ. ನನ್ನ ಸ್ವಂತ ಊರು. ನನ್ನ ಪಕ್ಕದಲ್ಲಿ ಕೂತು ಆ ಕಡೆಯ ಪುಸ್ತಕ ಬರೆಯುತ್ತಿದ್ದವನು ಹುಣಸೆಹಣ್ಣಿನ ಮಂಡಿಯಲ್ಲಿ ತಕ್ಕಡಿ ಹಿಡಿಯುವವನು. ಆಟ ಮುಗಿದ ಮೇಲೆ ಎರಡೂ ಪುಸ್ತಕ ತಾಳೆಯಾಗಬೇಕು, ಇಲ್ಲದಿದ್ದರೆ ಮೇಷ್ಟ್ರು ರುಜು ಹಾಕುವುದಿಲ್ಲ.

ಆ ಪಂದ್ಯಕ್ಕೆ ಮುಂಚಿನ ಲೆಕ್ಕ ಹೀಗಿತ್ತು. ಉದ್ದನವನದು ಒಟ್ಟು ನಲವತ್ತೆಂಟು, ಗಿಡ್ಡನದು ನಲವತ್ತೆರಡು. ಆರು ಅಂಕದ ಅಂತರ. ಉದ್ದನವನು ಸುಮ್ಮನೆ ಆಡಿಕೊಂಡಿದ್ದರೆ ಸಾಕು, ವರ್ಕ್‌ಶಾಪು ಅವನದೇ. ಗಿಡ್ಡನಿಗೆ ಆ ಮೊಳೆಯೇ ಗತಿ.

ಆಟ ಶುರುವಾಗಿ ಸ್ವಲ್ಪ ಹೊತ್ತಿಗೆ ಉದ್ದನವನು ನನ್ನ ಮೇಜಿನ ಹತ್ತಿರ ಓಡಿ ಬಂದ.

"ಸಾರ್, ನಂದು ಎಷ್ಟು ಫೌಲಾಗದೆ?"

"ಒಂದು."

"ಇನ್ನ ನಾಕು ಬೇಕಾ?" ಎಂದವನೇ ವಾಪಸು ಓಡಿಹೋಗಿ ಬಂಗಾರಪೇಟೆಯ ಹುಡುಗನೊಬ್ಬನನ್ನು, ಹಬ್ಬಕ್ಕೆ ಬಂದ ಭಾವಮೈದನನ್ನು ಅಪ್ಪಿಕೊಂಡ ಹಾಗೆ, ಎರಡೂ ಕೈಯಲ್ಲಿ ಅಪ್ಪಿಕೊಂಡ. ಮೇಷ್ಟ್ರು ಸೀಟಿ ಊದಿದರು. ಬಿಟ್ಟು, ಇನ್ನೊಬ್ಬನನ್ನು ಅಪ್ಪಿಕೊಂಡ. ಮತ್ತೆ ಸೀಟಿ. ಮೂರನೆಯವನು ಇವನು ಬರುವುದನ್ನು ನೋಡಿ ಚೆಂಡು ಬಿಟ್ಟು ಓಡಿದ, ಇವನು ಅಟ್ಟಿಸಿಕೊಂಡು ಹೋಗಿ ಅಪ್ಪಿಕೊಂಡ. ನಾಲ್ಕನೆಯವನು ಅಳುತ್ತ ಮೇಷ್ಟ್ರ ಹಿಂದೆ ಅಡಗಿಕೊಂಡ, ಇಬ್ಬರನ್ನೂ ಸೇರಿಸಿ ಅಪ್ಪಿಕೊಂಡ.

"ಏನೋ ಇದು, ಆಟನೋ ಬೀಗರ ಔತಣನೋ? ಉದ್ದನವನು ಔಟ್!" ಎಂದು ಮೇಷ್ಟ್ರು ತೋಳಿನ ಸಂದಿಯಿಂದ ಕೂಗಿದರು.

ಅವನು ಬಂದು ನನ್ನ ಪಕ್ಕದಲ್ಲಿ ಕೂತ. ನನಗೆ ಸಿಟ್ಟು ನೆತ್ತಿಗೇರಿತ್ತು. "ತಲೆ ಕೆಟ್ಟಿದೆಯೇನೋ? ಕೆಲಸ ಬೇಡವೇನೋ ನಿನಗೆ?"

"ಬೇಕು ಸಾರ್. ಆದ್ರೆ ಆ ಮನೆಯಿಂದ ಒಬ್ರು ಓಗಿದ್ದು ಸಾಕು ಸಾರ್."

"ಮತ್ತೆ ನಿನ್ನ ಮನೆ?"

"ನಮ್ಮಪ್ಪಂಗೇನು ಸಾರ್, ಬರೀ ಕೆಮ್ತಾವ್ನೆ."

ಅವನು ತಮಾಷೆಗೆ ಹೇಳಿದ್ದಲ್ಲ, ಅದು ಗಣಿಯ ಧೂಳು ಎದೆಗಿಳಿದ ಕೆಮ್ಮು. ಪಕ್ಕದಲ್ಲಿದ್ದ ಮಂಡಿಯವನು ನಕ್ಕ, ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿದ.

ಗಿಡ್ಡ ಆ ದಿನ ಆಡಿದ ಹಾಗೆ ಯಾರೂ ಆಡಿದ್ದನ್ನು ನಾನು ನೋಡಿಲ್ಲ. ಬಿದ್ದ, ಎದ್ದ, ಮತ್ತೆ ಬಿದ್ದ. ಐದು ಅಂಕ ಬಂದವು. ಒಟ್ಟು ನಲವತ್ತೇಳು. ಆಟ ಮುಗಿಯಲು ಒಂದೇ ನಿಮಿಷ ಇರುವಾಗ ಅವನನ್ನು ಇಬ್ಬರು ಸೇರಿ ಕೆಡವಿದರು. ತಡೆಯಿಲ್ಲದ ಎರಡು ಎಸೆತ. ಮೊದಲನೆಯದು ಬುಟ್ಟಿಗೆ ಬಿತ್ತು, ನಲವತ್ತೆಂಟು. ಸಮ. ಎರಡನೆಯದು ಬಳೆಯ ಮೇಲೆ ಕೂತಿತು. ಅವತ್ತು ಬಂಗಾರಪೇಟೆಯ ನೆಲ ನಡುಗಲಿಲ್ಲ. ಚೆಂಡು ನಿಧಾನವಾಗಿ ಆಚೆಗೆ ಉರುಳಿ ಬಿತ್ತು.

ನಾನು 'ಬಿದ್ದದ್ದು' ಎಂಬ ಕಾಲಮಿನಲ್ಲಿ ಗೀಟು ಎಳೆದೆ.

ಇಷ್ಟು ವರ್ಷ ಒಂದು ಬಿಲ್ಲೆ ಆಚೀಚೆ ಮಾಡದ ಕೈ ಅದು. ಗೀಟು ಎಳೆದ ಮೇಲೆ ಪೆನ್ಸಿಲ್ಲಿನ ಮೊನೆ ಮುರಿಯಿತು. ಪಕ್ಕದವನು ನನ್ನ ಪುಸ್ತಕ ನೋಡಿದ, ಬುಟ್ಟಿ ನೋಡಿದ, ನನ್ನನ್ನು ನೋಡಿದ. ಬೆವರು ನನ್ನ ಕಾಲರಿಗೆ ಇಳಿಯಿತು. ಅವನು ತನ್ನ ಪುಸ್ತಕದಲ್ಲೂ ಒಂದು ಗೀಟು ಎಳೆದ.

"ನೀವು ಯಾಕೆ ಬರೆದಿರಿ?" ಎಂದು ಪಿಸುಗುಟ್ಟಿದೆ.

"ತೂಕ ಆದ್ಮೇಲೆ ಒಂದು ಕೊಸರು ಆಕೋದು ನಮ್ಮ ಮಂಡಿ ಧರ್ಮ ಸಾಮಿ," ಎಂದ. "ನಿಮ್ಮ ಗಣೀಲಿ ಇಲ್ವಾ?"

ಬಾಗಿಲ ಚೌಕಟ್ಟು

ಸೋಮವಾರ ದೊರೆ ಇಬ್ಬರು ಹುಡುಗರನ್ನೂ ಕರೆಸಿದ. ಗಿಡ್ಡನ ತಾಯಿ ಹೊರಗೆ ಬೇವಿನ ಮರದ ಕೆಳಗೆ ನಿಂತಿದ್ದಳು. ನಾನು ಪುಸ್ತಕವನ್ನು ಎದೆಗೆ ಒತ್ತಿಕೊಂಡು ಒಳಗೆ ಹೋದೆ. ನಲವತ್ತೊಂಬತ್ತಕ್ಕೆ ನಲವತ್ತೆಂಟು. ಜೀವನದಲ್ಲಿ ಬರೆದ ಒಂದೇ ಸುಳ್ಳು. ಅದನ್ನು ಹೇಗೆ ಓದುತ್ತಾನೋ, ಗೀಟನ್ನು ನೋಡಿ ಕಂಡುಹಿಡಿದುಬಿಡುತ್ತಾನೋ ಎಂದು ರಾತ್ರಿಯೆಲ್ಲ ಕಣ್ಣ ರೆಪ್ಪೆ ಮುಚ್ಚಿರಲಿಲ್ಲ.

"ಪುಸ್ತಕ ಅಲ್ಲಿಡಿ," ಎಂದ ದೊರೆ, ತಲೆ ಎತ್ತದೆ. "ಒಬ್ಬ ವರ್ಕ್‌ಶಾಪಿಗೆ, ಒಬ್ಬ ಒಳಕ್ಕೆ. ಇಬ್ಬರೂ ಒಳ್ಳೆ ಆಟಗಾರರು, ಸಂತೋಷ. ಆದರೆ ಯೋಚನೆ ಮಾಡಿದೆ. ಒಳಗೆ ಸೂರು ತಗ್ಗು. ಎತ್ತರದವನು ದಿನಕ್ಕೆ ನಾಲ್ಕು ಸಲ ತಲೆ ಒಡೆದುಕೊಳ್ಳುತ್ತಾನೆ. ಗಿಡ್ಡಗಿದ್ದವನೇ ಒಳಗೆ ವಾಸಿ. ಎತ್ತರ ಅಳೆದು ಬರೆಯಿರಿ, ಕಡತಕ್ಕೆ ಬೇಕು."

"ದೊರೆ, ಅಂಕ..." ಎಂದೆ.

"ಆಟದ ಅಂಕ ಆಟಕ್ಕೆ."

ಪುಸ್ತಕ ಮುಚ್ಚಿಯೇ ಇತ್ತು. ನನಗೆ ಅಳು ಬಂತು. ಯಾವ ಸುಳ್ಳಿಗೆ ಮೈಯೆಲ್ಲ ಬೆವೆತಿದ್ದೆನೋ ಅದನ್ನು ಓದುವವನೇ ಇಲ್ಲ.

ಬಾಗಿಲ ಚೌಕಟ್ಟಿಗೆ ಬೆನ್ನು ಕೊಟ್ಟು ನಿಲ್ಲಿ ಎಂದೆ. ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಉದ್ದನವನು ಅಪ್ಪನ ಪಂಚೆ ಉಟ್ಟು ಬಂದಿದ್ದ. ಚೌಕಟ್ಟಿಗೆ ಆನಿಕೊಂಡವನು ಪಂಚೆಯೊಳಗೆ ಮಂಡಿ ಬಗ್ಗಿಸಿದ. ಕತ್ತನ್ನು ಹೆಗಲೊಳಕ್ಕೆ ಎಳೆದುಕೊಂಡ. ನಾನು ಅವನ ತಲೆಯ ಮೇಲೆ ಸ್ಕೇಲು ಇಟ್ಟು, ಇನ್ನಷ್ಟು ಒತ್ತಿದೆ. ಅವನು ಇನ್ನಷ್ಟು ಕುಸಿದ. ಗೀಟು ಎಳೆದೆ. ಆಮೇಲೆ ಗಿಡ್ಡ ಬಂದು ನಿಂತ. ತುದಿಗಾಲ ಮೇಲೆ ನಿಂತ, ಎದೆ ಉಬ್ಬಿಸಿದ, ಕೂದಲನ್ನು ಮೇಲಕ್ಕೆ ಬಾಚಿಕೊಂಡ. ನಾನು ಸ್ಕೇಲಿನ ಒಂದು ತುದಿಯನ್ನು ಅವನ ತಲೆಗೆ ಇಟ್ಟು ಇನ್ನೊಂದು ತುದಿಯನ್ನು ಆಕಾಶಕ್ಕೆ ಎತ್ತಿ ಗೀಟು ಎಳೆದೆ. ಮೂವರೂ ಒಬ್ಬರಿಗೊಬ್ಬರು ಒಂದು ಮಾತು ಆಡಿರಲಿಲ್ಲ.

ಲೆಕ್ಕದ ಮನುಷ್ಯ ನಾನು, ಗಂಟಲು ಸರಿಮಾಡಿಕೊಂಡು ಗಂಭೀರವಾಗಿ ಹೇಳಿದೆ: "ಗಿಡ್ಡನೇ ಒಂದು ಬೆರಳು ಉದ್ದ ಇದ್ದಾನೆ ದೊರೆ."

ದೊರೆ ತಲೆ ಎತ್ತಿದ. ಎದುರಿಗೆ, ಪಂಚೆಯೊಳಗೆ ಕುಕ್ಕರಗಾಲಲ್ಲಿ ನಡುಗುತ್ತಿರುವ ಒಬ್ಬ. ಪಕ್ಕದಲ್ಲಿ, ತುದಿಗಾಲಲ್ಲಿ ಓಲಾಡುತ್ತಿರುವ ಇನ್ನೊಬ್ಬ. ನಡುವೆ, ಸ್ಕೇಲು ಹಿಡಿದು ನಿಂತ ತಪ್ಪು ಮಾಡದ ಗುಮಾಸ್ತ. ದೊರೆ ನಕ್ಕ. ಅವನು ನಕ್ಕದ್ದನ್ನು ನಾವು ಯಾರೂ ಅದುವರೆಗೆ ನೋಡಿರಲಿಲ್ಲ. ಮೇಜು ಕುಟ್ಟಿ ನಕ್ಕ, ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡು ನಕ್ಕ. ಉಸಿರು ಸಿಕ್ಕದೆ ಕೆಮ್ಮಿ ಮತ್ತೆ ನಕ್ಕ. ನಮಗೂ ನಗು ಬಂತು. ಗೆದ್ದೆವು ಎಂದುಕೊಂಡು ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ನಗುನಗುತ್ತಲೇ ಅವನು ಕಾಗದಗಳಿಗೆ ರುಜು ಹಾಕಿದ. ಉದ್ದನವನು ವರ್ಕ್‌ಶಾಪಿಗೆ, ಗಿಡ್ಡ ಒಳಕ್ಕೆ.

ಗಿಡ್ಡ ಮೊದಲ ಪಾಳಿಗೆ ಬಂದ ದಿನ ನಾನು ಆ ಮೊಳೆಯಿಂದ ಬಿಲ್ಲೆ ತೆಗೆದೆ. ಕಿಲುಬು ಹಿಡಿದಿತ್ತು. ಹುಣಸೆಹಣ್ಣು ಹಾಕಿ ಹಿಂದಿನ ದಿನವೇ ತಿಕ್ಕಿದ್ದೆ, ಎಂಟರ ಸುತ್ತ ಇನ್ನೂ ಸ್ವಲ್ಪ ಹಸಿರು ಉಳಿದಿತ್ತು. ಅವನು ಅಂಗೈಯಲ್ಲಿ ಇಟ್ಟುಕೊಂಡು ನೋಡಿ, "ಬೆನ್ನಿಗೆ ಇಡಿಸ್ಲಿಲ್ಲ, ಕೈಗೆ ಸರೀಗದೆ ಸಾರ್," ಎಂದು ಕೇಜಿನ ಕಡೆ ಹೋದ. ಆ ಪಾಳಿಯಲ್ಲಿ ನಾನು ಗೋಡೆಯ ಒಂದೇ ಮೊಳೆಯನ್ನು ನೋಡುತ್ತ ಕೂತಿದ್ದೆ. ಊಟದ ಡಬ್ಬಿ ತೆರೆಯಲಿಲ್ಲ.

ಸಂಜೆ ಕಿಟಕಿಯಲ್ಲಿ ಧೂಳು ಮೆತ್ತಿದ ಒಂದು ಮುಖ ಬಂತು, ಹಲ್ಲು ಮಾತ್ರ ಬೆಳ್ಳಗಿದ್ದವು. ಬಿಲ್ಲೆಯನ್ನು ಠಣ್ಣೆಂದು ಕಟ್ಟೆಯ ಮೇಲೆ ಇಟ್ಟ.

"ಬರ್ಕೊಳಿ ಸಾರ್. ಇಳ್ದಿದ್ದು ಒಂದು, ಅತ್ತಿದ್ದು ಒಂದು. ಫೌಲಿಲ್ಲ."

ಗೇಟಿನ ಹೊರಗೆ ಅವನ ತಾಯಿ ನಿಂತಿದ್ದಳು. ಪಾಳಿಯಿಂದ ಬಂದವರಿಗೆಲ್ಲ ಸೆರಗಿನಿಂದ ಕಡ್ಲೆಪಪ್ಪು ಹಂಚುತ್ತಿದ್ದಳು. ನನಗೂ ಒಂದು ಹಿಡಿ ಕೊಟ್ಟಳು. ನನಗೆ ತಡೆಯಲಾಗಲಿಲ್ಲ. "ಅಮ್ಮ, ಅವತ್ತು ಫೌಲು ಅಂದರೆ ಏನು ಅಂತ ನಾನು ನಿನಗೆ ನಿಜ ಹೇಳಲಿಲ್ಲ..." ಎಂದು ಶುರು ಮಾಡಿದೆ.

"ಗೊತ್ತು ಬುಡಿ ಸಾಮಿ. ಮಗ ಅವತ್ತೇ ಏಳಿದ್ದ," ಎಂದಳು. "ಅಂಚಾಕೆ ಏನೋ ಒಂದು ಬೇಕಾಗಿತ್ತು, ಅಂಚಿದೆ. ಇವತ್ತು ಒಂದು ಓಗಿ ಒಂದು ಬಂತಲ್ಲ, ಅದ್ಕೆ ಅಂಚ್ತಾ ಇವ್ನಿ."

ಕಡ್ಲೆಪಪ್ಪು ಬಾಯಿಗೆ ಹಾಕಿಕೊಂಡು ರೈಲಿಗೆ ಹೊರಟೆ. ಅವಳು ಹಿಂದಿನಿಂದ ಕೂಗಿದಳು:

"ನಾಳೆಕೂ ಕೈ ನೀಡಿ ಸಾಮಿ. ಮೊದ್ಲು ಬಿಲ್ಲೆಗೆ, ಆಮ್ಯಾಕೆ ಕಡ್ಲೆಪಪ್ಪಿಗೆ!"